ಎದುರುಮನೆ ಆಂಟಿಯ ಪರಸ್ಥಾನ

ಮೊನ್ನೆ ಹಿಮ ಎತ್ತಿಹಾಕುವ ಶವೆಲ್ ಹುಡುಕುತ್ತ ಗ್ಯಾರೇಜಿನ ಮೂಲೆಗೆ ಕೈ ಹಾಕಿದಾಗ ಹಳದಿ ಬಣ್ಣದ ಎರಡು ಪ್ಲಾಸ್ಟಿಕ್ ಬೆಣೆಗಳು ಸಿಕ್ಕವು. ಟ್ರೇಲರಿನ ಚಕ್ರ ಉರುಳದಂತೆ ಅಡ್ಡ ಇಡುವಂಥವು. ನಮ್ಮ ಮನೆಯಲ್ಲಿ ಟ್ರೇಲರ್ ಎಂಬುದು ಯಾವತ್ತೂ ಇರಲಿಲ್ಲ. ಧೂಳು ಒರೆಸಿ ಅಲ್ಲೇ ಇಟ್ಟೆ. ಶವೆಲ್ ತರುವುದನ್ನು ಮರೆತೇ ಒಳಗೆ ಬಂದೆ...

ಅವು ಎದುರುಮನೆ ಅಂಕಲ್, ಆಂಟಿಯವು. ನಾವು ನಾರ್ತ್‌ವಿಲ್‌ನ ಈ ಬಡಾವಣೆಗೆ ಬಂದಾಗ ಅವರು ಆಗಷ್ಟೇ ರಿಟೈರ್ ಆಗಿದ್ದರು. ಮೈಸೂರಿನವರು. ಅಂಕಲ್ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವರು, ಆಂಟಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದವರು. ಒಬ್ಬನೇ ಮಗ, ಷಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ. ಅಂಕಲ್‌ಗೆ ಒಂದು ಸೋಫಾ, ಒಂದು ಸುಡೊಕು, ಒಂದು ಲೋಟ ಕಾಫಿ ಇದ್ದರೆ ಏಪ್ರಿಲ್‌ವರೆಗೂ ಮನೆ ಬಿಟ್ಟು ಏಳಬೇಕಾಗಿರಲಿಲ್ಲ. ಆಂಟಿಯ ಜಾಯಮಾನವೇ ಬೇರೆ. ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತೆಂದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಸಾಲೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುವರು, ಮತ್ತೆ ಏರಿಸುವರು. ಕಿಟಕಿಯಿಂದ ಕಿಟಕಿಗೆ ಓಡಾಡುವರು. ನಮ್ಮ ಮನೆಗೆ ಬಂದರೂ ಕೋಟು ಬಿಚ್ಚದೆ, ನಿಂತೇ ಕಾಫಿ ಕುಡಿಯುವರು.

"ಇಷ್ಟು ವರ್ಷ ಈ ಊರಲ್ಲಿ ಐಸ್ ಕೆರೆದಿದ್ದು ಸಾಕು ಕಣೇ," ಎನ್ನುವರು.

ಅದಕ್ಕೇ ರಿಟೈರ್ ಆದ ವರ್ಷವೇ ಟ್ರಾವೆಲ್ ಟ್ರೇಲರ್ ಕೊಂಡರು, ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಜನವರಿ ಬಂತೆಂದರೆ ಹೈವೇ ಹಿಡಿದು, ಜಾರ್ಜಿಯಾ ದಾಟಿ ಫ್ಲಾರಿಡಾದ ಸಮುದ್ರದವರೆಗೂ ಹೋಗುವರು, ಹಿಮ ಕರಗಿದ ಮೇಲೆ ಬರುವರು.

ಹೊರಡುವುದು ಮಾತ್ರ ಪಂಚಾಂಗದ ಪ್ರಕಾರ. ಅದು ಅಂಕಲ್ ಹಟ. ಒಳ್ಳೆಯ ಗಳಿಗೆ ಬರುವುದು ಯಾವತ್ತೋ, ರಸ್ತೆ ಚೆನ್ನಾಗಿರುವುದು ಯಾವತ್ತೋ. ಹಾಗಾಗಿ ಅವರ ಹಿರಿಯರು ಮಾಡುತ್ತಿದ್ದಂತೆ ಪರಸ್ಥಾನ ಇಡುತ್ತಿದ್ದರು. ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಹೊರಟಂತೆಯೇ. ಆಮೇಲೆ ಅನುಕೂಲವಾದಾಗ ಹೋಗಬಹುದು, ಆದರೆ ತಿರುಗಿ ತಮ್ಮ ಮನೆಯ ಹೊಸಿಲು ತುಳಿಯುವಂತಿಲ್ಲ. ಅಂಕಲ್ ಗಂಟಿನ ಬದಲು ಟ್ರೇಲರನ್ನೇ ರಸ್ತೆ ದಾಟಿಸಿ ನಮ್ಮ ಮನೆ ಮುಂದಿನ ಡ್ರೈವ್‌ವೇಯಲ್ಲಿ ತಂದು ಇಡುತ್ತಿದ್ದರು. ಆಂಟಿ ಹಿಂದೆ ನಿಂತು ಕೈ ಬೀಸುವರು.

"ಎಡಕ್ಕೆ ರೀ! ನಿಮ್ಮ ಎಡ ಅಲ್ಲ, ಟ್ರೇಲರ್ ಎಡ!"

"ಟ್ರೇಲರಿಗೆ ಎಲ್ಲಿಂದ ಬಂತೇ ಎಡ, ಬಲ?"

"ಹೋಯ್ತು ನೋಡಿ ಪಾಪ ಅವರ ಮೇಲ್‌ಬಾಕ್ಸು... ಎಂಜಿನಿಯರಂತೆ!"

ಆಂಟಿಗೆ ಈ ಶಾಸ್ತ್ರದಲ್ಲಿ ಚೂರೂ ನಂಬಿಕೆ ಇರಲಿಲ್ಲ. "ರೋಡ್ ದಾಟಿ ದಾಟಿ ಸುಸ್ತಾಗಿದೆ, ಮೊದಲು ಸಾರು ಬಡಿಸು," ಎಂದು ನಗುತ್ತಲೇ ಒಳಗೆ ಬರುವರು.

ಆ ಕೊನೆಯ ವರ್ಷವೂ ಹಾಗೆಯೇ ಬಂದರು. ಎದುರುಮನೆಯ ನೀರು ಬಂದ್ ಮಾಡಿ, ಬೀಗ ಹಾಕಿಯಾಗಿತ್ತು. ನಮ್ಮ ಟೇಬಲಿನಲ್ಲಿ ಮೊಸರನ್ನ ಕಲಸುತ್ತಿದ್ದಾಗ ಆಂಟಿಗೆ ಡಾಕ್ಟರ ಆಫೀಸಿನಿಂದ ಫೋನ್ ಬಂತು. ಹೊಟ್ಟೆಯ ಸ್ಕ್ಯಾನಿನಲ್ಲಿ ಏನೋ ಕಂಡಿದೆ, ಮುಂದಿನ ವಾರವೇ ಬರಬೇಕು. ಆಂಟಿ ಎರಡು ಪ್ರಶ್ನೆ ಕೇಳಿದರು, ಥ್ಯಾಂಕ್ಯೂ ಹೇಳಿ ಫೋನ್ ಇಟ್ಟರು. ಲ್ಯಾಬಿನಲ್ಲಿ ಜೀವ ಸವೆಸಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂಕಲ್ ಕೈ ಕೂಡ ತೊಳೆಯದೆ ಎದ್ದುನಿಂತರು. "ನಡಿ ಮನೆಗೆ. ಫರ್ನೆಸ್ ಹಾಕಿ ಮನೆ ಬೆಚ್ಚಗೆ ಮಾಡ್ತೀನಿ."

"ಹೇಗ್ರೀ ಹೋಗೋದು? ಪರಸ್ಥಾನ ಇಟ್ಟಾಯ್ತಲ್ಲ," ಎಂದರು ಆಂಟಿ.

"ಇದರಲ್ಲೂ ತಮಾಷೆ ಮಾಡ್ಬೇಡ."

"ಇಷ್ಟು ವರ್ಷ ಮಾಡಿದ್ದು ತಮಾಷೆ. ಇವತ್ತಿಂದು ಅಲ್ಲ."

ಅಂಕಲ್ ಮತ್ತೆ ಕುರ್ಚಿಯಲ್ಲಿ ಕೂತರು. ಅವರದೇ ಶಾಸ್ತ್ರ, ಅವರನ್ನೇ ಕಟ್ಟಿಹಾಕಿತ್ತು.

ಅಲ್ಲಿಂದ ಮುಂದೆ ಕೆಲವು ದಿನ ಅವರು ಹೋಗಲೂ ಇಲ್ಲ, ತಿರುಗಿ ಮನೆ ಸೇರಲೂ ಇಲ್ಲ. ನಮ್ಮ ಗ್ಯಾರೇಜಿನಿಂದ ಕರೆಂಟಿನ ವೈರು ಎಳೆದು, ಹೀಟರ್ ಹಾಕಿಕೊಂಡು ಟ್ರೇಲರಿನಲ್ಲೇ ಇದ್ದರು. ಅಂಕಲ್ ಡ್ರೈವ್‌ವೇಯ ತುದಿಯವರೆಗೆ ನಡೆದು, ಜೇಬಿನಲ್ಲಿ ಬೀಗದ ಕೈ ಕುಲುಕುತ್ತ ತಮ್ಮ ಮನೆಯನ್ನು ನೋಡಿ ವಾಪಸ್ ಬರುವರು. ಆಂಟಿ ಟ್ರೇಲರಿನ ಪರದೆ ಸರಿಸುವರು, ಎಳೆಯುವರು, ಮತ್ತೆ ಸರಿಸುವರು. ನನಗೂ ಮನೆಯೊಳಗೆ ನಿಂತಲ್ಲಿ ನಿಲ್ಲಲಾಗದೆ ಬೇಡದ ಅಡುಗೆಯೆಲ್ಲ ಮಾಡುತ್ತಿದ್ದೆ. ಊಟದ ಹೊತ್ತಿಗೆ ಫೋನಿನ ಸ್ಪೀಕರಿನಲ್ಲಿ ಅವರ ಮಗನ ದನಿ.

"ಅಮ್ಮಾ, ದಿಸ್ ಈಸ್ ಕ್ರೇಜಿ! ಯು ಡೋಂಟ್ ಈವನ್ ಬಿಲೀವ್ ಇನ್ ದಿಸ್ ಸ್ಟಫ್!"

"ಈಗ ನಂಬ್ತೀನಿ ಕಣೋ. ಊಟ ಆಯ್ತಾ ನಿಂದು?"

ಭಾನುವಾರ ಟ್ರೇಲರಿಗೆ ಉಪ್ಪಿಟ್ಟು ಕೊಂಡೊಯ್ದೆ. ಆಂಟಿ ಒಬ್ಬರೇ ಇದ್ದರು. ಅಷ್ಟಗಲದ ಜಾಗದಲ್ಲೂ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ನಡೆಯುತ್ತಿದ್ದರು.

"ಈ ಚಳಿಗಾಲ ವೇಟಿಂಗ್ ರೂಮಲ್ಲಿ ಕೂತ್ರೆ ಇನ್ನೊಂದು ಚಳಿಗಾಲ ಸಿಗತ್ತೆ ಅಂತ ಯಾರಾದ್ರೂ ಬರ್ಕೊಡ್ತಾರೇನೇ?" ಎಂದರು. "ಟೆಸ್ಟು ಫ್ಲಾರಿಡಾದಲ್ಲೇ ಮಾಡಿಸ್ಕೋತೀನಿ. ಸಮುದ್ರದಿಂದ ಎದ್ದು ಹೋಗಿ ಮಾಡಿಸ್ಕೋತೀನಿ. ಇಲ್ಲಿ ಮಾತ್ರ ಕೂರಿಸ್ಬೇಡಿ ನನ್ನ..."

ಬಾಗಿಲ ಹೊರಗೆ ಹಿಮದ ಮೇಲೆ ಬೂಟಿನ ಸದ್ದಾಯಿತು. ಅಂಕಲ್ ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಒಳಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಅವರು ಟ್ರಕ್ಕಿಗೆ ಟ್ರೇಲರ್ ಸಿಕ್ಕಿಸುತ್ತಿದ್ದರು. ಆಂಟಿ ಆಗಲೇ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದರು. ಅಂಕಲ್ ಚಕ್ರದಡಿಯ ಬೆಣೆಗಳನ್ನು ಕಿತ್ತು ಹಿಮದ ರಾಶಿಯ ಮೇಲೆ ಹಾಕಿದವರು ಹಾಗೇ ಮರೆತು ಹೊರಟುಹೋದರು.

ವಾರದ ನಂತರ ಆಂಟಿಯ ಫೋನ್. "ಎಪ್ಪತ್ತಾರು ಡಿಗ್ರಿ ಕಣೇ ಇಲ್ಲಿ, ಸ್ವೆಟರೇ ಬೇಡ! ನಿಮ್ಮ ಅಂಕಲ್ ಪ್ಯಾಂಟ್ ಮಡಿಸ್ಕೊಂಡು ನೀರಿಗಿಳಿದಿದಾರೆ, ನೋಡ್ಬೇಕು ಆ ಕಾಲು... ಕೊಕ್ಕರೆ!" ಅಲೆಗಳ ಸದ್ದಿನಲ್ಲಿ ಅವರ ನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಟೆಸ್ಟು ಅಲ್ಲೇ ಆಯಿತು. ಆಂಟಿ ಅಂದುಕೊಂಡದ್ದೇ ಇತ್ತು. ಮಾರ್ಚಿನಲ್ಲಿ ಮಗ ಹೋಗಿ ಇಬ್ಬರನ್ನೂ ಕರೆತಂದ. ಬೇಸಿಗೆ ಮುಗಿಯುವ ಮೊದಲೇ ಆಂಟಿ ಹೋದರು.

ಅಂಕಲ್ ಈಗ ವೆಸ್ಟ್‌ಮಂಟ್‌ನಲ್ಲಿ ಮಗನ ಜೊತೆ ಇದ್ದಾರೆ. ಎದುರುಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಆಗಾಗ ಅಂಕಲ್ ಫೋನ್ ಮಾಡುತ್ತಾರೆ. ನಮ್ಮೆಲ್ಲರ ಯೋಗಕ್ಷೇಮ ಕೇಳಿ, ಕೊನೆಗೆ ತಪ್ಪದೆ, "ಅವತ್ತು ಅವಳ ಕೈ ಹಿಡ್ಕೊಂಡು ಮನೆಯೊಳಗೆ ಕರ್ಕೊಂಡು ಹೋಗ್ಬೇಕಿತ್ತೇನಮ್ಮಾ?" ಎನ್ನುತ್ತಾರೆ. ನಾನು ಒಂದೊಂದು ಸಲ ಒಂದೊಂದು ಹೇಳಿದ್ದೇನೆ. ಯಾವುದೂ ಅವರಿಗೆ ಸಾಲಲಿಲ್ಲ. ನನಗೂ.

ನಿನ್ನೆ ಮಾತ್ರ ಅದನ್ನು ಕೇಳಲಿಲ್ಲ. "ಅಲ್ಲಿ ಸ್ನೋ ಹೇಗಿದೆ?" ಎಂದರು.

"ಬೆಳಿಗ್ಗೆಯಿಂದ ಬೀಳ್ತಾನೇ ಇದೆ ಅಂಕಲ್."

ಆಮೇಲೆ, "ಅವಳು ಇಷ್ಟೊತ್ತಿಗೆ ಜಾರ್ಜಿಯಾ ದಾಟಿರೋಳು," ಎಂದರು.

ಹೌದು ಅಂಕಲ್, ಎಂದೆ.