ಶಾರದೆಯ ಬಾಯಿಗೆ ಬಂದ ಹಣ್ಣಿನ ವಾಸನೆ

ಮೊದಲು ನನ್ನ ಮೂಗಿಗೆ ಬಡಿದದ್ದು ಬಾಳೆಹಣ್ಣಿನ ವಾಸನೆ.

ಸೋಮವಾರ ಬೆಳಿಗ್ಗೆ ಮಗಳು ಶಾರದೆಗೆ ಜಡೆ ಹಾಕುತ್ತಿದ್ದೆ. ಎರಡು ದಿನದಿಂದ ನೆಗಡಿ, ಮೈ ಸ್ವಲ್ಪ ಬಿಸಿ. ಹದಿಮೂರು ವರ್ಷದ ಹುಡುಗಿ. ಒಂದು ವರ್ಷದಿಂದ ಸಕ್ಕರೆ ಕಾಯಿಲೆ. ಗಾಜಿನ ಸಿರಿಂಜು ಕುದಿಸಿ ಇನ್ಸುಲಿನ್ ಹಾಕುವವಳು ನಾನೇ.

ಡಾಕ್ಟರು ಅನ್ನವನ್ನು ಅಳತೆಯಲ್ಲಿ ಕೊಡಿ ಅಂದಿದ್ದರು. ನಾನೋ ಅತಿಬುದ್ಧಿವಂತೆ. ಸಕ್ಕರೆಯಾಗುವ ಪದಾರ್ಥವೇ ಹೊಟ್ಟೆಗೆ ಹೋಗದಿದ್ದರೆ ಕಾಯಿಲೆ ಎಲ್ಲಿಂದ ಬರಬೇಕು ಅಂತ ಅನ್ನ, ರಾಗಿ, ಬೆಲ್ಲ ಒಂದೊಂದಾಗಿ ಕಿತ್ತುಕೊಂಡೆ. ಸೊಪ್ಪು, ಮಜ್ಜಿಗೆ, ಕಾಯಿತುರಿ, ಹುರಿದ ಕಡಲೇಕಾಯಿ, ಅಷ್ಟೇ. ಹುಡುಗಿ ಬಡಕಲಾದಳು. ಆದರೆ ಟೆಸ್ಟ್ ಟ್ಯೂಬಿನಲ್ಲಿ ಮೂತ್ರಕ್ಕೆ ಔಷಧಿ ಬೆರೆಸಿ ಕಾಯಿಸಿದರೆ ನೀಲಿ. ನೀಲಿಯೆಂದರೆ ಸಕ್ಕರೆ ಇಲ್ಲ, ಕೆಂಪಾದರೆ ಇದೆ. ದಿನಾ ನೀಲಿ ಬರುತ್ತೆ ಅಂತ ಕೃಷ್ಣಮೂರ್ತಿಪುರಂನ ಅರ್ಧ ಹೆಂಗಸರಿಗೆ ಹೇಳಿಕೊಂಡು ಬಂದಿದ್ದೆ. ಆ ಜಂಬದಲ್ಲಿ ಸೂಜಿಯ ಮದ್ದನ್ನೂ ನಾನೇ ಕಮ್ಮಿ ಮಾಡಿದ್ದೆ.

ಅಡುಗೆಮನೆಯಲ್ಲಿ ರಸಬಾಳೆಯ ಚಿಪ್ಪು ತೂಗುಹಾಕಿತ್ತು. ಹಣ್ಣು ಕಮ್ಮಿಯಾದಂತೆ ಕಂಡಿತು.

"ಬಾಯಿಂದ ಊದು," ಅಂದೆ. ಊದಿದಳು. ಅದೇ ವಾಸನೆ.

"ಹಣ್ಣು ತಿಂದೆಯೇನೇ?"

"ಇಲ್ಲ ಕಣಮ್ಮ, ನಿನ್ನಾಣೆ."

"ಆಣೆ ಬೇರೆ ಇಡ್ತೀಯಾ!"

ತಲೆ ತಗ್ಗಿಸಿದಳು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅಂದುಕೊಂಡೆ. ಮೂತ್ರ ಕಾಯಿಸಿ ನೋಡಿದೆ.

ಇಟ್ಟಿಗೆಯ ಕೆಂಪು.

ಇನ್ನೇನು ಸಾಕ್ಷಿ ಬೇಕು? ಆ ದಿನ ನೀರು ಬಿಟ್ಟು ಏನೂ ಕೊಡಲಿಲ್ಲ. ಖಾಲಿ ಹೊಟ್ಟೆಗೆ ಸೂಜಿ ಹಾಕಿದರೆ ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪುತ್ತೆ ಅಂತ ಎಲ್ಲೋ ಕೇಳಿದ್ದೆ. ಹಾಗಾಗಿ ಸೂಜಿಯನ್ನೂ ನಿಲ್ಲಿಸಿದೆ. ನಮ್ಮವರು, "ಡಾಕ್ಟರನ್ನ ಒಂದು ಮಾತು ಕೇಳೋಣವೇನೇ?" ಅಂದರು. "ಕದ್ದು ತಿಂದದ್ದಕ್ಕೆ ಡಾಕ್ಟರೇನು ಮಾಡ್ತಾರೆ, ನೀವು ಸುಮ್ಮನಿರಿ" ಅಂದುಬಿಟ್ಟೆ.

ಮಂಗಳವಾರ ಬೆಳಿಗ್ಗೆ ವಾಂತಿ. ಹೊಟ್ಟೆನೋವು. ಚೊಂಬುಗಟ್ಟಲೆ ನೀರು ಕುಡಿದರೂ ನಾಲಿಗೆ ಒಣಗಿತ್ತು. ತಿಂದ ಹಣ್ಣು ಈಗ ಹೊರಗೆ ಬರುತ್ತಿದೆ ಅಂದುಕೊಂಡೆ, ಪಾಪಿ ನಾನು. ಮಧ್ಯಾಹ್ನದ ಹೊತ್ತಿಗೆ ಉಸಿರು ಬದಲಾಯಿತು. ಆಳವಾಗಿ, ಜೋರಾಗಿ, ಬೆಟ್ಟ ಹತ್ತಿ ಬಂದವರ ಹಾಗೆ. ಆದರೆ ಹುಡುಗಿ ಚಾಪೆ ಬಿಟ್ಟು ಎದ್ದಿರಲಿಲ್ಲ. ಮನೆಯೆಲ್ಲ ಆ ಹಣ್ಣಿನ ವಾಸನೆ.

ಕೂಗಿದೆ. ಕಣ್ಣು ತೆರೆಯಲಿಲ್ಲ.

ನಮ್ಮವರು ಓಡಿಹೋಗಿ ಜಟಕಾ ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ಬಗ್ಗಿ ಅವಳ ಉಸಿರು ಮೂಸಿದವರೇ, "ಸಿಸ್ಟರ್, ಇನ್ಸುಲಿನ್! ಡ್ರಿಪ್ ಹಾಕಿ!" ಎಂದು ಕೂಗಿದರು. "ಸೂಜಿ ಕೊಟ್ಟು ಎಷ್ಟು ಹೊತ್ತಾಯ್ತಮ್ಮ?" ನಮ್ಮವರೇ ಹೇಳಿದರು, ನಿನ್ನೆಯಿಂದ ಇಲ್ಲ ಅಂತ.

ಸಂಜೆ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. "ಇನ್ಸುಲಿನ್ ಇಲ್ಲದೆ ರಕ್ತದ ಸಕ್ಕರೆ ಮೈಗೆ ದಕ್ಕೋದಿಲ್ಲ. ಆಗ ಮೈ ತನ್ನ ಕೊಬ್ಬನ್ನೇ ಉರಿಸುತ್ತೆ. ಅದರಿಂದ ಅಸಿಟೋನ್ ಅನ್ನೋದು ಹುಟ್ಟುತ್ತೆ, ಹಣ್ಣಿನ ವಾಸನೆ ಅದರದ್ದು. ಅನ್ನ ಬಿಟ್ಟವರಿಗೆಲ್ಲ ಅಷ್ಟಿಷ್ಟು ಬರುತ್ತೆ, ಇನ್ಸುಲಿನ್ ಇರೋ ಮೈ ತಡೆದುಕೊಳ್ಳುತ್ತೆ. ಈ ಮಗುವಿಗೆ ರಕ್ತವೇ ಹುಳಿಯಾಗಿದೆ. ಜ್ವರ ಬಂದಾಗ ಏನೂ ತಿನ್ನದಿದ್ದರೂ ಸಕ್ಕರೆ ಏರುತ್ತೆ. ಸೂಜಿ ಇನ್ನೂ ಹೆಚ್ಚು ಬೇಕಾಗಬಹುದು, ನಿಲ್ಲಿಸೋದಾ?"

"ಹಾಗಾದ್ರೆ ಹಣ್ಣು?"

"ಯಾವ ಹಣ್ಣು?"

ಅವಳು ತಿಂದಿರಲೇ ಇಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಎರಡು ದಿನ ವಾರ್ಡಿನ ಬಾಗಿಲಲ್ಲಿ ಕೂತು ಆ ಉಸಿರನ್ನೇ ಕೇಳಿದೆ. ನಿಂತರೂ ಭಯ, ಜೋರಾದರೂ ಭಯ.

ಗುರುವಾರ ಅವಳಿಗೆ ಎಚ್ಚರವಾಯಿತು. ಡಾಕ್ಟರು ಅವಳನ್ನು ಮಾತಾಡಿಸುತ್ತಾ, "ಸೂಜಿ ಯಾಕೆ ತಪ್ಪಿಸಿದ್ರಿ?" ಅಂದರು.

ಶಾರದೆ ನನ್ನ ಮುಖ ನೋಡಿದಳು. "ನಾನೇ ಬೇಡ ಅಂತ ಹಠ ಮಾಡ್ದೆ, ಡಾಕ್ಟ್ರೇ. ಅಮ್ಮ ಹಾಕ್ತೀನಿ ಅಂತಾನೇ ಇದ್ಲು."

ಡಾಕ್ಟರು ಅವಳನ್ನು ಗದರಿಸಲು ಶುರುಮಾಡಿದರು.

"ಅವಳನ್ನ ಬಯ್ಯಬೇಡಿ, ಡಾಕ್ಟ್ರೇ. ನಿಲ್ಲಿಸಿದವಳು ನಾನು. ಮಗು ನಿಜ ಹೇಳಿದ್ರೂ ನಂಬಲಿಲ್ಲ," ಅಂದು ಎಲ್ಲರೆದುರು ಅತ್ತುಬಿಟ್ಟೆ.

ಮನೆಗೆ ಬಂದು ಮೂರು ವಾರವಾಯಿತು. ಅಳತೆಯ ಅನ್ನ, ಅಳತೆಯ ಮದ್ದು. ಹುಡುಗಿ ಮೈ ತುಂಬಿಕೊಳ್ಳುತ್ತಿದ್ದಾಳೆ, ದೇವರು ದೊಡ್ಡವನು. ಸೂಜಿಯನ್ನು ಮಾತ್ರ ಈಗ ಅವಳೇ ಹಾಕಿಕೊಳ್ಳುತ್ತಾಳೆ. ಮೊದಲ ದಿನ ನಾನು ಕೈ ಚಾಚಿದಾಗ ಮೆಲ್ಲಗೆ ಸರಿಸಿದಳು.

"ನೀನು ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಮ್ಮ."

ದಿನಾ ಕೂರುತ್ತೇನೆ.