ಎರ್ಲಿಂಡಾ ಪುಮಾರಿ ಬುಡದವರೆಗೆ ಓದಿದ್ದು

ಸುಕ್ರೆ ಊರಿನಲ್ಲಿ ನನ್ನ ಮನೆಯ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾ ಬಂದು ಮೂವತ್ತೊಂದು ವರ್ಷವಾಯಿತು. ವಕೀಲಿ ಓದುವವರು, ಹಲ್ಲಿನ ಡಾಕ್ಟರಾಗುವವರು, ಪಾದ್ರಿಯಾಗಲು ಬಂದು ಮದುವೆಯಾಗಿ ಹೊರಟುಹೋದ ಒಬ್ಬ, ಹೀಗೆ ಎಂತೆಂಥವರೋ ಇದ್ದು ಹೋಗಿದ್ದಾರೆ. ಅವರೆಲ್ಲ ಓದುವುದನ್ನು ಕಣ್ಣಾರೆ ಕಂಡಿದ್ದೇನೆ. ಎರ್ಲಿಂಡಾ ಪುಮಾರಿ ಓದಿದಂತೆ ಓದಿದವರನ್ನು ಮಾತ್ರ ಕಾಣಲಿಲ್ಲ.

ಅವಳು ಬಂದಾಗ ನಲವತ್ತನಾಲ್ಕು ವರ್ಷ. ಪುಕಾ ಕಾಸಾ ಎಂಬ ಬೆಟ್ಟದ ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಆರು ತರಗತಿಗಳಿಗೂ ಒಬ್ಬಳೇ ಮೇಷ್ಟರಾಗಿ ಹತ್ತೊಂಬತ್ತು ವರ್ಷ ಕಳೆದವಳು. ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟು ಮಾಡಲು ರಜೆ ಪಡೆದು ಬಂದಿದ್ದಳು. ಅವಳು ಆರಿಸಿಕೊಂಡ ವಿಷಯವೂ ಅದೇ, ಒಬ್ಬರೇ ಮೇಷ್ಟರಿರುವ ಹಳ್ಳಿ ಶಾಲೆ. ಕಂಬಳಿಯ ಸುರುಳಿ, ಒಂದು ಚೀಲ ಒಣಗಿಸಿದ ಆಲೂಗಡ್ಡೆ, ಎರಡು ಖಾಲಿ ಶೂ ಡಬ್ಬಿ, ಇಷ್ಟೇ ಅವಳ ಸಾಮಾನು.

"ಶೂ ಎಲ್ಲಿ, ಮೇಡಮ್ಮೋರೇ?" ಎಂದೆ.

"ಶೂ ಕಾಲಲ್ಲಿದೆ, ಡೋನ್ಯಾ ಬಾಸಿಲಿಯಾ. ಡಬ್ಬಿ ತಂದಿದ್ದು ಜನಗಳಿಗೆ."

"ಡಬ್ಬೀಲಿ ಜನಾನಾ?"

"ಬರೆದು ಸತ್ತೋರು. ಇನ್ನೂ ಬರೀತಾ ಇರೋರೂನೂ ಇದ್ದಾರೆ."

ಆ ದಿನ ಆಲೂಗಡ್ಡೆ ಸುಲಿಯುತ್ತಾ ಅವಳು ನನಗೆ ವಿವರಿಸಿದಳು. ಅವಳ ಗೈಡು ಡಾಕ್ಟರ್ ಗಾಸ್ಟೋನ್ ಉರ್ಕಿದಿ. ಅವರ ಅಪ್ಪಣೆ ಹೀಗಿತ್ತು: ನಿನ್ನದೆಂದು ಒಂದು ಮಾತು ಬರೆಯುವ ಮೊದಲು, ಈ ವಿಷಯದ ಮೇಲೆ ಈವರೆಗೆ ಯಾರು ಏನು ಬರೆದಿದ್ದಾರೋ ಅಷ್ಟನ್ನೂ ಓದು. ಯಾರು ಏನು ಹೇಳಿದರು, ಯಾರು ಒಪ್ಪಲಿಲ್ಲ, ಯಾವುದು ಹೇಳದೆ ಉಳಿಯಿತು, ಇದೆಲ್ಲ ಸೇರಿ ಒಂದು ಅಧ್ಯಾಯ. ಜುಲೈ ತಿಂಗಳಲ್ಲಿ ಮೂವರು ಡಾಕ್ಟರುಗಳ ಸಮಿತಿ ಆ ಅಧ್ಯಾಯವನ್ನು ಒಪ್ಪಿದರೆ ಇನ್ನೊಂದು ವರ್ಷ ರಜೆ. ಒಪ್ಪದಿದ್ದರೆ ಗಂಟುಮೂಟೆ ಕಟ್ಟಿ ಬೆಟ್ಟಕ್ಕೆ ವಾಪಸು, ಡಾಕ್ಟರೇಟು ಅಲ್ಲಿಗೆ ಮುಗಿಯಿತು. ರಜೆ ಎರಡನೆಯ ಸಲ ಸಿಗುವುದಿಲ್ಲ. ಅವತ್ತಿನಿಂದ ಅವಳ ಜೊತೆ ನಾನೂ ಜುಲೈ ಎಣಿಸತೊಡಗಿದೆ.

ಬೆಳಿಗ್ಗೆ ಕೋಕಾ ಎಲೆಯ ಕಷಾಯ ಕುಡಿದು ಗ್ರಂಥಾಲಯಕ್ಕೆ ಹೋದರೆ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದಳು. ಉಂಡು ಮತ್ತೆ ಹೊರಡುತ್ತಿದ್ದಳು. ಒಂದು ಪುಸ್ತಕಕ್ಕೆ ಒಂದು ಚೀಟಿ. ಚೀಟಿಯ ಮುಂಬದಿಯಲ್ಲಿ ಬರೆದವರ ಹೆಸರು, ಇಸವಿ, ಅವರು ಹೇಳಿದ್ದು. ಹಿಂಬದಿಯಲ್ಲಿ, ಆ ಮಾತು ಅವರಿಗೆ ಎಲ್ಲಿಂದ ಬಂತು ಎಂಬುದು. ಮುಂಬದಿಯನ್ನು ಎಲ್ಲರೂ ಬರೆಯುತ್ತಾರಂತೆ, ಹಿಂಬದಿ ಇವಳದೇ ಪದ್ಧತಿ.

"ಮಕ್ಳು ಏನಾದ್ರೂ ಹೇಳಿದ್ರೆ ನಾನು ಮೊದಲು ಕೇಳೋದೇ ಅದನ್ನ, ನಿಂಗ್ಯಾರು ಹೇಳಿದ್ರು ಅಂತ," ಎನ್ನುತ್ತಿದ್ದಳು. "ದೊಡ್ಡೋರಾದ ತಕ್ಷಣ ಕೇಳಬಾರದು ಅಂತ ಏನಿಲ್ವಲ್ಲ?"

ಹೀಗೆ ಎರಡು ತಿಂಗಳಲ್ಲಿ ಡಬ್ಬಿಗಳು ತುಂಬಿದವು. ಆಗ ಅವಳು ಅಂಗಳದ ಬಟ್ಟೆ ಹಗ್ಗ ಕೇಳಿದಳು. ಅಡ್ಡಡ್ಡಕ್ಕೆ ಆರು ಸಾಲು ಕಟ್ಟಿ, ಒಂದೊಂದು ಚೀಟಿಯನ್ನೂ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿದಳು. ಹಳೆಯವು ಅಡುಗೆಮನೆಯ ಕಡೆಗೆ, ಹೊಸವು ಬಾಗಿಲ ಕಡೆಗೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಒಂದೊಂದನ್ನೇ ಓದುತ್ತಾ ನಡೆಯುವಳು. ಮಳೆಯ ಮೋಡ ಕಂಡರೆ ಇಬ್ಬರೂ ಓಡಿ ಇಸವಿಯ ಪ್ರಕಾರ ಕೀಳುತ್ತಿದ್ದೆವು.

ಪಕ್ಕದ ಕೋಣೆಯಲ್ಲಿದ್ದ ಡಾನ್ ಟಿಬೂರ್ಸಿಯೊ ವಯಸ್ಸಾದ ದರ್ಜಿ. ಅವನಿಗೆ ಸಹನೆ ಕಡಿಮೆ.

"ಡೋನ್ಯಾ ಬಾಸಿಲಿಯಾ, ನನ್ನ ಒಳಂಗಿ ಎಲ್ಲಿ ಒಣಗಿಸ್ಲಿ ಹೇಳಮ್ಮ. ಐವತ್ತೆಂಟನೇ ಇಸವಿ ಪಕ್ಕದಲ್ಲಾ?"

ಎರ್ಲಿಂಡಾ ತಿರುಗಿ ಕೂಡ ನೋಡಲಿಲ್ಲ. "ಐವತ್ತೆಂಟು ಖಾಲಿ ಇದೆ, ಡಾನ್ ಟಿಬೂರ್ಸಿಯೊ. ಆ ವರ್ಷ ಯಾರೂ ಏನೂ ಬರೆದಿಲ್ಲ. ಧಾರಾಳವಾಗಿ ಹಾಕ್ಕೊಳ್ಳಿ."

ಏಪ್ರಿಲ್‌ನಲ್ಲಿ ಒಂದು ದಿನ ನಾನು ಅವರೆಕಾಳು ಬಿಡಿಸುತ್ತಾ ಕುಳಿತಿದ್ದೆ. ಅವಳು ಒಂದು ಸಾಲಿನಲ್ಲಿ ನಿಂತು ಚೀಟಿಯಿಂದ ಚೀಟಿಗೆ ಜೋರಾಗಿ ಓದುತ್ತಾ ಬಂದಳು. ಎಲ್ಲದರಲ್ಲೂ ಒಂದೇ ಮಾತು: ಬೆಟ್ಟದ ತಾಯಂದಿರಿಗೆ ಓದಿನ ಬೆಲೆ ತಿಳಿಯದು, ಆದ್ದರಿಂದ ಹೆಣ್ಣುಮಕ್ಕಳನ್ನು ಮೂರನೆಯ ತರಗತಿಗೇ ಶಾಲೆ ಬಿಡಿಸುತ್ತಾರೆ. ಅದರ ಕೆಳಗೆ ಒಂದೇ ಆಧಾರ: ಶಾಲಾ ಇನ್ಸ್‌ಪೆಕ್ಟರ್ ಲಿಸಾಂದ್ರೊ ವಾಕಾಫ್ಲೋರ್ ಅವರ ವರದಿ, 1949, ಪುಟ ಹನ್ನೆರಡು.

"ನಲವತ್ತೊಂದು ಜನ, ಡೋನ್ಯಾ. ಇಷ್ಟು ಜನ ಒಂದೇ ಮಾತು ಹೇಳಿದ್ರೆ ನಿಜಾನೇ ಇರ್ಬೇಕು. ನನ್ನ ಅಧ್ಯಾಯಕ್ಕೂ ಇದೇ ಮೊದಲ ಸಾಲು." ಹೀಗೆಂದು, ಸುಮ್ಮನೆ ಮಾತಿಗೆ ಮಾತು ಎಂಬಂತೆ ಕೇಳಿದಳು: "ನೀವೂ ಮೂರನೇ ಕ್ಲಾಸಿಗೇ ಬಿಟ್ಟೋರಲ್ವಾ?"

"ನಾನೆಲ್ಲಿ ಬಿಟ್ಟೆ? ನಮ್ಮೂರಲ್ಲಿ ಮೂರರ ಆಚೆ ಕ್ಲಾಸೇ ಇರ್ಲಿಲ್ಲ. ಮೇಷ್ಟ್ರು 'ಆಯ್ತು, ಇನ್ನು ಮನೆಗೆ ಹೋಗಿ' ಅಂದ್ರು. ನಮ್ಮಮ್ಮ ಒಪ್ತಾಳಾ? ಮಾರನೇ ವರ್ಷ ಮತ್ತೆ ಮೂರಕ್ಕೇ ತಂದು ಕೂರಿಸಿದ್ಳು. ಮೂರನೇ ಕ್ಲಾಸು ನಾನು ಎರಡು ಸಲ ಓದಿದೋಳಮ್ಮಾ."

ಹೇಳಿ ನಾನು ಕಾಳು ಬಿಡಿಸುವುದಕ್ಕೆ ತೊಡಗಿದೆ. ಆಮೇಲೆ ತಲೆ ಎತ್ತಿ ನೋಡಿದೆ. ಅವಳು ಚೀಟಿಗಳನ್ನು ಒಂದೊಂದಾಗಿ ಹಿಂಬದಿಗೆ ತಿರುಗಿಸಿ ಹಾಕುತ್ತಿದ್ದಳು. ಸಂಜೆಯ ಹೊತ್ತಿಗೆ ಹಗ್ಗಗಳ ಮೇಲೆ ಯಾರು ಏನು ಹೇಳಿದರು ಎಂಬುದು ಮರೆಯಾಗಿ, ಯಾರು ಯಾರಿಂದ ಕೇಳಿದರು ಎಂಬುದಷ್ಟೇ ಕಾಣುತ್ತಿತ್ತು. ಅವಳು ನನ್ನ ಕೈ ಹಿಡಿದು ಬಾಗಿಲ ಕಡೆಯಿಂದ ಅಡುಗೆಮನೆಯ ಕಡೆಗೆ ನಡೆಸಿದಳು. ಇವನು ಅವಳಿಂದ ತೆಗೆದುಕೊಂಡ, ಅವಳು ತನ್ನ ಗುರುವಿನಿಂದ, ಆ ಗುರು 1971ರ ಒಂದು ಪುಸ್ತಕದಿಂದ. 1971ರ ಪುಸ್ತಕ ಹೆಸರಿಸಿದ್ದು 1963ರ ಒಂದು ಸಣ್ಣ ಪುಸ್ತಿಕೆಯನ್ನು. ಪುಸ್ತಿಕೆಯಲ್ಲಿ ಇನ್ಸ್‌ಪೆಕ್ಟರು ಹುಡುಗಿಯರು ಬರುತ್ತಿಲ್ಲ ಎಂದರಂತೆ ಎಂಬಷ್ಟೇ ಇತ್ತು, ತಾಯಂದಿರಿಗೆ ಬೆಲೆ ತಿಳಿಯದೇನೋ ಎಂಬುದು ಪುಸ್ತಿಕೆ ಬರೆದವನ ಸ್ವಂತ ಊಹೆ. ಎಂಟು ವರ್ಷ ಕಳೆದ ಮೇಲೆ 1971ರಲ್ಲಿ ಆ ಊಹೆಯನ್ನು ಇನ್ಸ್‌ಪೆಕ್ಟರ ಬಾಯಿಗೆ ಹಾಕಿಬಿಟ್ಟಿದ್ದರು. ಆಮೇಲಿನವರು ನಡುವಿನವರ ಹೆಸರುಗಳನ್ನೆಲ್ಲ ಬಿಟ್ಟು, ವರದಿಯನ್ನು ತಾವೇ ಕಂಡಂತೆ ಬರೆಯುತ್ತಾ ಬಂದಿದ್ದರು; ಒಬ್ಬರ ವಾಕ್ಯ ಇನ್ನೊಬ್ಬರಲ್ಲಿ ಪದ ಬಿಡದೆ ಇದ್ದುದರಿಂದ ಇವಳು ಜಾಡು ಹಿಡಿದಿದ್ದಳು.

ಒಬ್ಬನ ಬಾಯಿಂದ ಹೊರಟ 'ಏನೋ' ಎಂಬ ಅನುಮಾನ ಹೀಗೆ ನಲವತ್ತೊಂದು ಪುಸ್ತಕ ದಾಟಿ ಕಲ್ಲಿನಂತೆ ಗಟ್ಟಿಯಾಗಿ ನಮ್ಮ ಬಾಗಿಲವರೆಗೆ ಬಂದು ನಿಂತಿತ್ತು.

"ವರದೀನ ಯಾರು ನೋಡಿದಾರೆ ಹಂಗಾದ್ರೆ?" ಎಂದೆ.

"ಅದನ್ನೇ ಹುಡುಕ್ತಾ ಇದೀನಿ," ಎಂದಳು. ಆಮೇಲೆ 1979 ಎಂದು ಬರೆದಿದ್ದ ಒಂದು ಚೀಟಿಯನ್ನು ತೋರಿಸಿದಳು. ಅದು ಡಾಕ್ಟರ್ ಉರ್ಕಿದಿಯವರ ಸ್ವಂತ ಪ್ರಬಂಧ. ಸಮಿತಿಯ ಇನ್ನಿಬ್ಬರೂ ಅದೇ ನಲವತ್ತೊಂದರಲ್ಲಿ ಇದ್ದರು.

ಮರುದಿನ ಅವಳು ಗೈಡಿನ ಮನೆಗೆ ಹೋಗಿ ಬಂದು, ತಟ್ಟೆಯ ಮುಂದೆ ಕುಳಿತಳು. ಸೂಪು ಆರಿಸುತ್ತಾ ಹೇಳಿದಳು.

"'ಎರ್ಲಿಂಡಾ, ಹಿಂದಿನೋರನ್ನ ಓದೋದು ಅಂದ್ರೆ ಅವರಿಗೆ ನಮಸ್ಕಾರ ಮಾಡೋದು. ಜೇಬು ತಪಾಸಣೆ ಮಾಡೋದಲ್ಲ' ಅಂದ್ರು. ಆ ಸಾಲು ಹಂಗೇ ಬರೆದು ಮುಂದಕ್ಕೆ ಹೋಗ್ಬೇಕಂತೆ. ಇಲ್ಲಾಂದ್ರೆ ರುಜು ಹಾಕಲ್ವಂತೆ."

"ಬರೆದುಬಿಡೇ ತಾಯಿ," ಎಂದ ಡಾನ್ ಟಿಬೂರ್ಸಿಯೊ. "ಒಂದು ಸಾಲಿಗೆ ಇಷ್ಟು ಕಷ್ಟಾನಾ? ನಾನು ಗಿರಾಕಿ ಹೇಳ್ದಂಗೆ ಜೇಬು ಇಡ್ತೀನಪ್ಪ. ಜೇಬು ಯಾಕೆ ಅಂತ ಕೇಳಲ್ಲ."

"ನನ್ನ ಶಾಲೇಲಿ ಹನ್ನೊಂದು ಹುಡುಗೀರಿದಾರೆ, ಡಾನ್ ಟಿಬೂರ್ಸಿಯೊ. ಅವರ ತಾಯಂದಿರ ಮುಖ ನಾಳೆ ನಾನೇ ನೋಡ್ಬೇಕು."

ವರದಿ ಸುಕ್ರೆಯ ಯಾವ ಗ್ರಂಥಾಲಯದಲ್ಲೂ ಇರಲಿಲ್ಲ. ಬಸ್ಸಿನಲ್ಲಿ ಮೂರು ಗಂಟೆ ದೂರದ ಒಂದು ಸಣ್ಣ ಪಟ್ಟಣದಲ್ಲಿ ಹಳೆಯ ಶಿಕ್ಷಣ ಕಚೇರಿಯ ಉಗ್ರಾಣವಿತ್ತು. ಕೀಲಿ ಇಟ್ಟುಕೊಂಡಿದ್ದ ಹೆಂಗಸು ಸೋಮವಾರ ಬಾ ಎಂದಳು. ಸೋಮವಾರ ಹೋದರೆ ಕೀಲಿ ಅವಳ ಮೈದುನನ ಹತ್ತಿರ, ಮೈದುನ ಸಂತೆಗೆ. ನಾಲ್ಕು ಸೋಮವಾರ ಹೀಗೇ ಹೋದವು. ಐದನೆಯ ಸೋಮವಾರ ಎರ್ಲಿಂಡಾ ಪಾರಿವಾಳದ ಹಿಕ್ಕೆ ಮೆತ್ತಿದ ಜಡೆಯೊಂದಿಗೆ ವಾಪಸು ಬಂದಳು. ವರದಿ ಸಿಕ್ಕಿತ್ತು. ಹೊರಗೆ ಒಯ್ಯಬಾರದೆಂಬ ನಿಯಮ, ನಕಲು ಯಂತ್ರವೂ ಇಲ್ಲ. ಪೂರ್ತಿಯಾಗಿ ಕೈಯಲ್ಲೇ ಬರೆದುಕೊಂಡು ಬಂದಿದ್ದಳು.

ಕೈಬರಹವನ್ನು ಉರ್ಕಿದಿ ನಂಬಲಿಲ್ಲ. ಆದರೆ ಸುಮ್ಮನೆಯೂ ಇರಲಾಗಲಿಲ್ಲ. ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹೊಳೆಯುವ ಶೂ ಹಾಕಿ, ಟೈ ಕಟ್ಟಿ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಆ ಉಗ್ರಾಣ ಎಲ್ಲಿದೆ, ನಡೀರಿ, ನಾನೇ ನೋಡ್ತೀನಿ," ಎಂದರು.

ಎರ್ಲಿಂಡಾ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು. "ನೀವೂ ಬನ್ನಿ, ಡೋನ್ಯಾ. ಇವರ ಜೊತೆ ಒಬ್ಬಳೇ ಹೋಗೋಕೆ ಭಯ ಆಗ್ತಿದೆ."

ನಾನು ಬೇಯಿಸಿದ ಮೆಕ್ಕೆಜೋಳವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ಅದರಲ್ಲಿ ಹೆಚ್ಚಿನದನ್ನು ಡಾಕ್ಟರೇ ತಿಂದರು.

ಉಗ್ರಾಣವೆಂದರೆ ಕಿಟಕಿಯಿಲ್ಲದ ಉದ್ದನೆಯ ಕೋಣೆ. ನೆಲದಿಂದ ಸೂರಿನವರೆಗೆ ಹುರಿಯಿಂದ ಕಟ್ಟಿದ ಕಾಗದದ ಕಂತೆಗಳು. ನನ್ನ ಹಳ್ಳಿ, ಅವಳ ಹಳ್ಳಿ, ಕೇಳರಿಯದ ಹಳ್ಳಿಗಳು, ಎಲ್ಲವುಗಳ ಶಾಲೆ ಅಲ್ಲಿತ್ತು. ಯಾರೋ ಒಬ್ಬರು ಹೇಸರಗತ್ತೆ ಹತ್ತಿ ಹೋಗಿ ನಮ್ಮನ್ನೆಲ್ಲ ನೋಡಿ ಬರೆದಿಟ್ಟಿದ್ದರು, ಅದನ್ನು ಓದುವವರಿಲ್ಲದೆ ಐವತ್ತೇಳು ವರ್ಷ ಕಳೆದಿತ್ತು. ನಾನು ಚರ್ಚಿನಲ್ಲಿ ಮಾಡುವಂತೆ, ನಮ್ಮ ಕಡೆ ಹೆಂಗಸರು ಹಾಕುವ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದೆ.

ಎರ್ಲಿಂಡಾ ಮೂರನೆಯ ಸಾಲಿನಿಂದ ಒಂದು ಕಂತೆ ಬಿಚ್ಚಿ ಬಾಗಿಲ ಬೆಳಕಿಗೆ ತಂದಳು. ಡಾಕ್ಟರು ನಿಂತೇ ಓದತೊಡಗಿದರು, ತರಗತಿಯಲ್ಲಿ ಪಾಠ ಮಾಡುವ ಗಂಟಲಿನಲ್ಲಿ:

"ಈ ಶಾಲೆಯಲ್ಲಿ ಮೂರು ತರಗತಿಗಳಷ್ಟೇ ಇವೆ. ಮೂರನೆಯದನ್ನು ಮುಗಿಸಿದ ಏಳು ಹುಡುಗಿಯರು ಈ ವರ್ಷ ಬರುತ್ತಿಲ್ಲ. ನಾನು ಬಂದ ಸುದ್ದಿ ತಿಳಿದು ಅವರ ತಾಯಂದಿರು ಎರಡು ಹರದಾರಿ ನಡೆದು ಬಂದಿದ್ದರು. ನಾಲ್ಕನೆಯದನ್ನು ಯಾವಾಗ ತೆರೆಯುತ್ತೀರಿ ಎಂದು ಕೇಳಿದರು..."

"ನನ್ನಲ್ಲಿ ಉತ್ತರವಿರಲಿಲ್ಲ," ಎಂಬ ಕೊನೆಯ ಮಾತು ಪಕ್ಕದಲ್ಲಿದ್ದ ನನಗೂ ಅಷ್ಟಾಗಿ ಕೇಳಿಸಲಿಲ್ಲ. ಅದರ ಕೆಳಗೆ ಏಳು ಹುಡುಗಿಯರ ಹೆಸರುಗಳಿದ್ದವು.

"ನಾನು ಇದನ್ನ ನೋಡೇ ಇರ್ಲಿಲ್ಲ, ಎರ್ಲಿಂಡಾ."

"ಗೊತ್ತು ಡಾಕ್ಟರ್. ಯಾರೂ ನೋಡಿಲ್ಲ."

"ಪುಟದ ಸಂಖ್ಯೆ ಸಮೇತ ಹಾಕಿದ್ದೆನಲ್ಲ..."

"ಪುಟ ಹನ್ನೆರಡು," ಎಂದಳು ಅವಳು ಮೆಲ್ಲಗೆ. "ವರದಿ ಇರೋದೇ ಒಂಬತ್ತು ಪುಟ."

ನನಗೆ ತಡೆಯಲಾಗದೆ ನಗು ಬಂತು, ಟೋಪಿಯಿಂದ ಬಾಯಿ ಮುಚ್ಚಿಕೊಂಡೆ.

"ನಗಿ, ಡೋನ್ಯಾ, ನಗಿ," ಎಂದರು ಡಾಕ್ಟರು. "ಇಪ್ಪತ್ತೇಳು ವರ್ಷದಿಂದ ಅದೇ ಪುಟಾನ ನಾನು ಪಾಠ ಮಾಡ್ತಾ ಇದೀನಿ." ಟೈ ಸಡಿಲಿಸಿ, ಧೂಳಿನ ಹೊಸ್ತಿಲ ಮೇಲೆಯೇ ಕುಳಿತು ಒಂಬತ್ತು ಪುಟಗಳನ್ನೂ ಮತ್ತೆ ಮೊದಲಿನಿಂದ ಓದಿದರು.

ಸುಕ್ರೆಯಲ್ಲಿ ಬಸ್ಸಿಳಿದ ಮೇಲೆ ಎರಡೇ ಮಾತು ಹೇಳಿದರು. "ಬರೀರಿ. ನನ್ನ ಹೆಸರನ್ನ ಅಡಿಟಿಪ್ಪಣೀಲಿ ಬಚ್ಚಿಡಬೇಡಿ, ಮೇಲೇ ಹಾಕಿ."

ಅವರು ರುಜು ಹಾಕಿದರು. ಆದರೂ ಸಮಿತಿಯ ಇನ್ನಿಬ್ಬರು ಏನನ್ನುವರೋ ಎಂಬ ಭಯ ಉಳಿದೇ ಇತ್ತು. ಜುಲೈ ಹದಿನಾಲ್ಕರಂದು ನಾನು ಮತ್ತು ಡಾನ್ ಟಿಬೂರ್ಸಿಯೊ ಹಿಂದಿನ ಬೆಂಚಿನಲ್ಲಿ ಕುಳಿತೆವು. ಗೆದ್ದವರ ತಲೆಗೆ ಎರಚಲೆಂದು ಅವನು ಬಣ್ಣದ ಕಾಗದ ಕತ್ತರಿಸಿ ಚೀಲ ತುಂಬಿ ತಂದಿದ್ದ.

"ಅದು ಪೂರ್ತಿ ಡಾಕ್ಟರಾದ್ಮೇಲೆ ಹಾಕೋದು, ಮಾರಾಯ," ಎಂದೆ.

"ಅಷ್ಟರಲ್ಲಿ ನಾನೇ ಸತ್ರೆ? ಇವತ್ತು ಅರ್ಧ, ಆಮೇಲೆ ಅರ್ಧ."

ಎರ್ಲಿಂಡಾ ನಲವತ್ತೊಂದು ಹೆಸರುಗಳನ್ನೂ ಓದಿದಳು. ದನಿಯಲ್ಲಿ ಗೆಲುವಿನ ಸದ್ದಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವಂತೆ ಒಂದೇ ಸಮನೆ ಓದಿದಳು. ಎದುರಿಗೆ ಕುಳಿತಿದ್ದ ಇಬ್ಬರು ತಮ್ಮ ಹೆಸರು ಬಂದಾಗ ನೀರು ಕುಡಿದರು. ಅವರಲ್ಲಿ ದಪ್ಪ ಕನ್ನಡಕದವರು ಕೇಳಿದರು:

"ಎಲ್ಲರದ್ದೂ ತಪ್ಪು ಅಂದ್ರಿ. ಸರಿ, ಹಂಗಾದ್ರೆ ಹುಡುಗೀರು ಯಾಕೆ ಬಿಟ್ರು? ನಿಮ್ಮ ಉತ್ತರ ಏನು?"

"ಗೊತ್ತಿಲ್ಲ, ಡಾಕ್ಟರ್," ಎಂದಳು. "ಇನ್ನೂರ ಎಂಬತ್ತಾರು ಓದಿದೆ. ಆ ಏಳು ಹುಡುಗೀರನ್ನೇ ಕೇಳಿ ಬರೆದಿರೋದು ಒಂದೂ ಸಿಗ್ಲಿಲ್ಲ. ಕೇಳದೆ ನಾನೂ ಹೇಳಿದ್ರೆ ನಲವತ್ತೆರಡನೆಯೋಳು ನಾನಾಗ್ತೀನಿ."

ನಮ್ಮನ್ನು ಹೊರಗೆ ಕಳಿಸಿದರು. ಅರ್ಧ ಗಂಟೆ ಒಳಗಿನಿಂದ ಬಿರುಸಿನ ಮಾತು ಕೇಳುತ್ತಿತ್ತು. ಎರ್ಲಿಂಡಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಮತ್ತೆ ಒಳಗೆ ಕರೆದಾಗ ಮೂವರೂ ಎದ್ದು ನಿಂತಿದ್ದರು. ದಪ್ಪ ಕನ್ನಡಕದವರೇ ಕಾಗದ ಹಿಡಿದು ಓದಿದರು: ಅಧ್ಯಾಯ ಒಪ್ಪಿಗೆಯಾಗಿದೆ, ಅಭ್ಯರ್ಥಿಗೆ ಇನ್ನೊಂದು ವರ್ಷ ರಜೆಯನ್ನು ಸಮಿತಿ ಒಮ್ಮತದಿಂದ ಶಿಫಾರಸು ಮಾಡುತ್ತದೆ. ಡಾನ್ ಟಿಬೂರ್ಸಿಯೊ ಅರ್ಧ ಎಂದಿದ್ದವನು ಚೀಲವನ್ನು ಪೂರ್ತಿ ಅವಳ ತಲೆಯ ಮೇಲೆ ಸುರಿದ.

ಆ ಏಳು ಹೆಸರುಗಳಲ್ಲಿ ಸೆಬೆರಿನಾ ಯಾಂಪಾ ಎಂಬಾಕೆ ಇನ್ನೂ ಬದುಕಿದ್ದಾಳೆ, ಮಗಳ ಮನೆಯಲ್ಲಿದ್ದಾಳೆ ಎಂದು ಕೀಲಿಯ ಹೆಂಗಸು ಹೇಳಿದ್ದಳಂತೆ. ಸೋಮವಾರ ಎರ್ಲಿಂಡಾ ಜಡೆಯಲ್ಲಿ ಉಳಿದಿದ್ದ ಬಣ್ಣದ ಚೂರುಗಳನ್ನು ಬಾಚಿ ತೆಗೆದು, ಒಂದು ಖಾಲಿ ನೋಟ್‌ಬುಕ್ಕನ್ನು ಶಾಲಿನಲ್ಲಿ ಸುತ್ತಿಕೊಂಡಳು.

"ಏನಂತ ಕೇಳ್ತೀಯೇ ಅವಳನ್ನ?" ಎಂದೆ.

"ಮೊದಲು ಕೂತ್ಕೊಂಡು ಊಟ ಮಾಡ್ತೀನಿ," ಎಂದಳು. "ಆಮೇಲೆ ಅವರು ಏನು ಹೇಳ್ತಾರೋ ಅದನ್ನ ಕೇಳ್ತೀನಿ."

ಎಂಟು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಅವಳು ಓಡಿದಳು.