ಎತ್ತದ ಕೈ

ಕೊಲ್ಲಿ ನಾಡಿನ ಹಮ್ದಾನ್ ಸ್ಟ್ರೀಟಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಹದಿನಾರು ವರ್ಷಗಳಿಂದ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದ ಮಾರ್ಟಿನಾ, ಕಥೊಲಿಕ್ ಇಗರ್ಜಿ ಬಿಟ್ಟು ಮೊರ್ಮನ್ ಎಂಬ ಬೇರೊಂದು ಕ್ರೈಸ್ತ ಪಂಥದ ಸಭೆ ಸೇರಿದ ದಿನವೇ ಅಣ್ಣ ಲಿಯೋ ಅವಳೊಡನೆ ಮಾತು ಬಿಟ್ಟ. ಹಟ ಆ ಮನೆತನದ್ದೇ, ಇವಳೂ ಬಗ್ಗಲಿಲ್ಲ. ಮದುವೆ ಆದವಳಲ್ಲ. ಆಮೇಲೆ ನನ್ನವರು ಅಂತ ಉಳಿದದ್ದು ಸಭೆ, ಅದರಲ್ಲೂ ಪ್ರತಿ ಭಾನುವಾರ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಜೋಯ್ಲಿನ್.

ಆ ಸಭೆಯಲ್ಲಿ ಸಂಬಳದ ಪಾದ್ರಿಗಳಿಲ್ಲ, ಕೆಲಸವನ್ನೆಲ್ಲ ಸದಸ್ಯರೇ ಹಂಚಿಕೊಳ್ಳುತ್ತಾರೆ. ಬಿಷಪ್ ಕೂಡ ವಾರವಿಡೀ ತೈಲ ಕಂಪನಿಯಲ್ಲಿ ದುಡಿಯುವ ಇಂಜಿನಿಯರು. ಮಾರ್ಟಿನಾಳ ಪಾಲಿಗೆ ಬಂದದ್ದು ದೊಡ್ಡವರಿಗೆ ಗ್ರಂಥಪಾಠ ಹೇಳುವ ಕೆಲಸ. ಅದರಲ್ಲೇ ಅವಳ ಜೀವವಿತ್ತು.

ಒಂದು ದಿನ ಕಾರಿನಲ್ಲಿ ಅವಳು ಮನಸ್ಸು ಬಿಚ್ಚಿದಳು. ಕಡಲು ದಾಟಿ ಅಮೆರಿಕ ಸೇರಿದ ಪುರಾತನ ಕುಟುಂಬದ ಕಥೆ ಮೊರ್ಮನ್ ಗ್ರಂಥದಲ್ಲಿದೆಯಲ್ಲ, ಅದು ನಿಜಕ್ಕೂ ನಡೆದದ್ದೆಂದು ತನಗನ್ನಿಸುವುದಿಲ್ಲ, ದೃಷ್ಟಾಂತದ ಹಾಗೆ ಓದುತ್ತೇನೆ, ಆದರೂ ದೇವರು ಅದರೊಳಗಿಂದಲೇ ಮಾತಾಡುತ್ತಾನೆ ಎಂದಳು. ಜೋಯ್ಲಿನ್ ನಕ್ಕಳು.

"ನಂಗೂ ಹಾಗೇ ಮಾರ್ಟಿನಕ್ಕ. ಸುಮಾರು ಜನ ಹಾಗೇ ಓದುದು. ಬಾಯಿಬಿಟ್ಟು ಹೇಳುದಿಲ್ಲ, ಅಷ್ಟೆ."

ಆ ಧೈರ್ಯದಲ್ಲಿ ಪಾಪದ ಹೆಂಗಸು ಪಾಠದಲ್ಲೂ, ಕೆಲವರು ಇದನ್ನು ದೃಷ್ಟಾಂತವೆಂದೂ ಓದುತ್ತಾರೆ ಎಂದುಬಿಟ್ಟಳು. ಯಾರೋ ದೂರು ಒಯ್ದರು. ಬಿಷಪ್ ಕರೆದು ಮೆತ್ತಗೆ ಹೇಳಿದರು: ಮನಸ್ಸಿನಲ್ಲಿ ಏನೇ ಇರಲಿ, ಸಭೆಯಲ್ಲಿ ಅವಳಿಗೆ ಜಾಗವಿದೆ, ಪಾಠ ಮಾತ್ರ ಬೇಡ. ಜೋಯ್ಲಿನ್‌ಳನ್ನು ವಿಚಾರಿಸಿದ್ದರಂತೆ. ಅವಳು ಕಾರಿನ ಮಾತನ್ನೆಲ್ಲ ಒಪ್ಪಿಸಿದ್ದಳು, ತನ್ನದೊಂದನ್ನು ಬಿಟ್ಟು.

ಮುಂದಿನ ಭಾನುವಾರ ಆ ತರಗತಿಗೆ ಜೋಯ್ಲಿನ್ ಹೆಸರನ್ನೇ ಓದಿದರು. ಯಾರಿಗೆ ಕೆಲಸ ಕೊಟ್ಟರೂ ಸಭೆ ಬಲಗೈ ಎತ್ತಿ ಒಪ್ಪಬೇಕು, ಅದು ಅಲ್ಲಿಯ ಕ್ರಮ. ಸುತ್ತ ಕೈಗಳೆದ್ದವು. ಮಾರ್ಟಿನಾಳದು ಏಳಲಿಲ್ಲ. ವಿರೋಧವಿದ್ದವರೂ ಕೈ ಎತ್ತಬಹುದು ಎಂದರು. ಎತ್ತಿದರೆ ಬಿಷಪ್ ಒಳಗೆ ಕರೆದು ಕಾರಣ ಕೇಳುತ್ತಾರೆ. ಜೋಯ್ಲಿನ್ ಗುಟ್ಟಾಗಿ ಆಡಿದ್ದನ್ನು ಇವಳು ಹೇಳಬೇಕಾಗುತ್ತದೆ. ಅಂಥ ಕೆಲಸ ತನ್ನಿಂದಾಗದು ಎಂದು ಅವಳು ಆಗಲೂ ಎತ್ತಲಿಲ್ಲ.

ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದಳು, ಯಾಕೆ ಹೀಗೆ ಮಾಡಿದೆ ಎಂದು.

ಜೋಯ್ಲಿನ್ ಕಣ್ಣು ತಪ್ಪಿಸಿದಳು. "ನಂಗೆ ಗಂಡ, ಮಕ್ಕಳು ಎಲ್ಲ ಇದೇ ಸಭೆಯಲ್ಲಿ ಅಲ್ವಾ ಅಕ್ಕ? ನಿಮ್ಗೆ ಕಳಕೊಳ್ಳಲಿಕ್ಕೆ ಯಾರುಂಟು?"

ಕಳೆದುಕೊಳ್ಳಲು ಇದ್ದವಳು ಈ ಜೋಯ್ಲಿನ್ ಒಬ್ಬಳೇ. ಮಾರ್ಟಿನಾ ಅವಳ ಕಾರು ಹತ್ತದೆ ಬಸ್ ಸ್ಟಾಪಿನ ಕಡೆ ನಡೆದಳು.